ಎರೆಹುಳು ಗೊಬ್ಬರದ ಡಬ್ಬದಿಂದ ವಾಸನೆ ಬರುತ್ತಿದೆ, ಹುಳುಗಳು ಮುಚ್ಚಳಕ್ಕೆ ಹತ್ತುತ್ತಿವೆ. ಬಿಟ್ಟುಬಿಡಲಾ?

ಬಿಡಬೇಡಿ. ಡಬ್ಬ ಶುರು ಮಾಡಿ ಮೂರು ವಾರ ಆಗಿದೆ, ದಿನಾ ಅಡುಗೆಮನೆಯ ಹಸಿ ಕಸವನ್ನೆಲ್ಲ ಹಾಕುತ್ತಿದ್ದೇನೆ, ನೀರನ್ನಂತೂ ಹಾಕಿಲ್ಲ, ಆದರೂ ಹೀಗಾಗಿದೆ ಅಂತ ಬರೆದಿದ್ದೀರಿ. ಹುಳುಗಳು ಇನ್ನೂ ಓಡಾಡುತ್ತಿವೆ ಅಂದಮೇಲೆ ಡಬ್ಬವನ್ನು ಉಳಿಸಿಕೊಳ್ಳಬಹುದು. ನಾನು ವರ್ಷಗಳಿಂದ ಎರೆಹುಳು ಸಾಕುತ್ತಿದ್ದೇನೆ. ಈ ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರ ತೊಂದರೆ ಒಂದೇ: ಊಟ ಜಾಸ್ತಿ, ಗಾಳಿ ಕಮ್ಮಿ.

ಮೊದಲು ಇವತ್ತು ಮಾಡಬೇಕಾದದ್ದು ಹೇಳುತ್ತೇನೆ. ಕಸ ಹಾಕುವುದನ್ನು ನಿಲ್ಲಿಸಿ. ಕೊಳೆತು ಲೋಳೆಯಾಗಿರುವುದನ್ನು ಕೈಯಿಂದ ತೆಗೆದುಬಿಡಿ, ಅದರಲ್ಲಿ ಸಿಕ್ಕ ಹುಳುಗಳನ್ನು ವಾಪಸ್ ಬಿಡಿ. ಒಣ ರಟ್ಟು ಅಥವಾ ನ್ಯೂಸ್‌ಪೇಪರನ್ನು ಬೆರಳಗಲಕ್ಕೆ ಹರಿದು, ಅರ್ಧವನ್ನು ಒಳಗೆ ಮೆಲ್ಲಗೆ ಬೆರೆಸಿ. ಉಳಿದರ್ಧವನ್ನು ಮೇಲೆ ದಪ್ಪಗೆ ಹೊದಿಸಿ. ತಳದ ತೂತುಗಳು ಕಟ್ಟಿಕೊಂಡಿದ್ದರೆ ಕಡ್ಡಿ ಹಾಕಿ ಬಿಡಿಸಿ. ಆಮೇಲೆ ಮುಚ್ಚಳ ತೆಗೆದಿಟ್ಟು, ರಾತ್ರಿಯೆಲ್ಲ ಡಬ್ಬದ ಮೇಲೊಂದು ಲೈಟ್ ಉರಿಯಲಿ. ಎರೆಹುಳುವಿಗೆ ಕಣ್ಣಿಲ್ಲ, ಆದರೆ ಬೆಳಕು ಬಿದ್ದರೆ ಅದರ ಚರ್ಮಕ್ಕೆ ತಿಳಿಯುತ್ತದೆ, ತಾನಾಗಿ ಕೆಳಗಿಳಿಯುತ್ತದೆ. ವಾಸನೆ ಎರಡು ಮೂರು ದಿನದಲ್ಲೇ ಇಳಿಯತೊಡಗುತ್ತದೆ.

ನೀರು ಹಾಕದೆ ಇಷ್ಟೊಂದು ಒದ್ದೆ ಹೇಗಾಯಿತು ಅಂತ ನಿಮಗೆ ಆಶ್ಚರ್ಯ, ಅಲ್ವಾ? ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಇರುವುದು ನೀರೇ. ಕೊಳೆಯುತ್ತಾ ಅದೆಲ್ಲ ಹೊರಗೆ ಬರುತ್ತದೆ. ಪ್ಲಾಸ್ಟಿಕ್ ಡಬ್ಬದಲ್ಲಿ ಅದು ಆರುವುದಿಲ್ಲ, ತಳದಲ್ಲಿ ನಿಲ್ಲುತ್ತದೆ. ಎರೆಹುಳುವಿಗೆ ಶ್ವಾಸಕೋಶ ಇಲ್ಲ, ಅದು ಉಸಿರಾಡುವುದು ಚರ್ಮದಿಂದ. ಚರ್ಮ ಒದ್ದೆ ಇರಲೇಬೇಕು, ಆದರೆ ಸುತ್ತ ಗಾಳಿಯೂ ಆಡಬೇಕು. ನೀರು ನಿಂತಲ್ಲಿ ಗಾಳಿ ತೀರಿಹೋಗುತ್ತದೆ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಅಲ್ಲಿ ಹೆಚ್ಚುತ್ತವೆ, ಆ ಕೆಟ್ಟ ವಾಸನೆ ಅವುಗಳದ್ದು. ಮುಚ್ಚಳ ಹತ್ತಿದ ಹುಳುಗಳು ಉಸಿರಿಗಾಗಿ ಮೇಲೆ ಬಂದಿವೆ. ಹೊಸ ಜಾಗಕ್ಕೆ ಬಂದ ಹುಳುಗಳು ಮೊದಲ ಕೆಲವು ರಾತ್ರಿ ಸುಮ್ನೆ ಹೀಗೆ ಅಲೆಯುವುದೂ ಉಂಟು. ಆದರೆ ಮೂರು ವಾರದ ಮೇಲೆ ಕೆಟ್ಟ ವಾಸನೆಯ ಜೊತೆ ಹತ್ತುತ್ತಿದ್ದರೆ ಕಾರಣ ಇದೇ.

ತೇವ ಎಷ್ಟಿರಬೇಕು ಅಂತ ತಿಳಿಯಲು ಯಾವ ಮೀಟರೂ ಬೇಡ. ಒಳಗಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಒಣ ಕಾಗದ ಸೇರಿಸಿ. ಏನೂ ಬರದೆ ಪುಡಿಯಾದರೆ ನೀರು ಚಿಮುಕಿಸಿ. ಒಣಗಿದ ಡಬ್ಬಕ್ಕೆ ಇರುವೆ ಬರುತ್ತದೆ, ಅದೂ ಒಂದು ಗುರುತು.

ಇನ್ನು ಊಟದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹುಳುಗಳು ಸಿಪ್ಪೆಯನ್ನು ಕಚ್ಚಿ ತಿನ್ನುತ್ತವೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಎರೆಹುಳುವಿಗೆ ಹಲ್ಲೇ ಇಲ್ಲ. ಮೊದಲು ಬ್ಯಾಕ್ಟೀರಿಯಾ, ಬೂಷ್ಟು ಸೇರಿ ಸಿಪ್ಪೆಯನ್ನು ಮೆತ್ತಗೆ ಮಾಡಬೇಕು. ಆಮೇಲೆ ಹುಳು ಆ ಮೆತ್ತಗಾದದ್ದನ್ನು ಅದರ ಮೇಲಿನ ಸೂಕ್ಷ್ಮಜೀವಿಗಳ ಸಮೇತ ಒಳಗೆಳೆದುಕೊಳ್ಳುತ್ತದೆ. ಹೊಸ ಡಬ್ಬದಲ್ಲಿ ಈ ಸೂಕ್ಷ್ಮಜೀವಿಗಳೇ ಇನ್ನೂ ಕಮ್ಮಿ. ಎರೆಹುಳು ದಿನಕ್ಕೆ ತನ್ನ ತೂಕದ ಅರ್ಧದಷ್ಟು ತಿನ್ನುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಚೆನ್ನಾಗಿ ಪಳಗಿದ ಡಬ್ಬದ ಲೆಕ್ಕ. ನೀವು ಅದರ ಅರ್ಧದಿಂದ ಶುರು ಮಾಡಿ. ಅಂದರೆ 1 ಕಿಲೋ ಹುಳುವಿಗೆ ದಿನಕ್ಕೆ 250 ಗ್ರಾಂ ಮೀರದಂತೆ. ಒಂದು ಮೂಲೆಯಲ್ಲಿ ಹೂತು, ಮುಂದಿನ ಸಲ ಇನ್ನೊಂದು ಮೂಲೆ. ಮೊದಲ ಮೂಲೆಗೆ ತಿರುಗಿ ಬರುವಾಗ ಅಲ್ಲಿನದು ಕರಗಿರಬೇಕು. ಕರಗಿಲ್ಲವೆಂದರೆ ಕಾಯಿರಿ. ಪ್ರತಿ ಸಲ ಕಸದಷ್ಟೇ ಹರಿದ ಕಾಗದವೂ ಬೀಳಲಿ. ಹುಳುಗಳು ಅದನ್ನೂ ತಿನ್ನುತ್ತವೆ.

ಸಿಪ್ಪೆಯನ್ನು ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು, ಕರಗಿಸಿ, ನೀರು ಬಸಿದು ಹಾಕಿದರೆ ಬೇಗ ಮೆತ್ತಗಾಗುತ್ತದೆ. ಅದರಲ್ಲಿದ್ದ ಗುಂಗುರಿನ ಮೊಟ್ಟೆಗಳೂ ಬಹುಮಟ್ಟಿಗೆ ಸಾಯುತ್ತವೆ. ಮೊಟ್ಟೆ ಚಿಪ್ಪನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿ. ಹಲ್ಲಿಲ್ಲದ ಹುಳು ತನ್ನ ಹೊಟ್ಟೆಯೊಳಗೆ ಇಂಥ ಕಣಗಳಿಂದಲೇ ಊಟ ಅರೆಯುವುದು. ಜೊತೆಗೆ ಡಬ್ಬದ ಹುಳಿಯೂ ತಗ್ಗುತ್ತದೆ. ಉಪ್ಪು, ಎಣ್ಣೆ ಬಿದ್ದ ಅಡುಗೆ, ಮಾಂಸ, ಹಾಲಿನ ಪದಾರ್ಥ ಬೇಡವೇ ಬೇಡ. ನಿಂಬೆ ಜಾತಿಯ ಸಿಪ್ಪೆ, ಈರುಳ್ಳಿ, ಬೆಳ್ಳುಳ್ಳಿ ತೀರಾ ಕಮ್ಮಿ.

ನಿಮ್ಮ ಹುಳು ಯಾವುದು ಅಂತ ಬರೆದಿಲ್ಲ. ತೋಟ ಅಗೆದು ತಂದದ್ದಾದರೆ ಬಹುಶಃ ಡಬ್ಬದಲ್ಲಿ ಬಾಳಲಾರದು, ಅವುಗಳಲ್ಲಿ ಹೆಚ್ಚಿನವಕ್ಕೆ ಆಳದ ಮಣ್ಣು ಬೇಕು. ಗೊಬ್ಬರಕ್ಕೆ ಬೇಕಾದದ್ದು ಮೇಲ್ಪದರದ ಕೊಳೆತ ಕಸದಲ್ಲಿ ಬದುಕುವ ಜಾತಿ. ಎಲ್ಲೆಡೆ ಸಾಕುವುದು ಐಸೀನಿಯಾ ಫೆಟಿಡಾ ಎಂಬ ಕೆಂಪು ಎರೆಹುಳು. ಅದಕ್ಕೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತ. 35 ದಾಟಿದರೆ ಸಾಯುತ್ತದೆ. ಒಂದೇ ಸಲ ರಾಶಿ ಕಸ ಸುರಿದರೆ ನೆರಳಲ್ಲಿದ್ದರೂ ಡಬ್ಬ ಒಳಗಿಂದಲೇ ಬಿಸಿಯಾಗುತ್ತದೆ. ಮುಂದೆ ಡಬ್ಬ ಬದಲಿಸುವುದಾದರೆ ಆಳದ್ದು ಬೇಡ, ಅಗಲದ್ದು ತೆಗೆದುಕೊಳ್ಳಿ.

ಡಬ್ಬ ಸರಿಹೋಯಿತು ಅಂತ ತಿಳಿಯಲು ನನಗೆ ಇಷ್ಟವಾದ ಗುರುತು ಹುಳುಗಳ ಮೊಟ್ಟೆಗೂಡು. ಒದ್ದೆ ರಟ್ಟನ್ನು ಎತ್ತಿ, ಅದರ ಅಡಿಭಾಗ ನೋಡಿ. ನಿಂಬೆಹಣ್ಣನ್ನು 3–4 ಮಿಲಿಮೀಟರಿಗೆ ಕುಗ್ಗಿಸಿದಂಥ ಹಳದಿ ಕಾಳುಗಳು ಅಂಟಿಕೊಂಡಿರುತ್ತವೆ. ಮರಿ ಬರುವ ಹೊತ್ತಿಗೆ ಅವು ಕೆಂಪು ಕಂದು ಬಣ್ಣಕ್ಕೆ ತಿರುಗುತ್ತವೆ. ಹಿತವಾದ ಬಿಸಿಯಿದ್ದರೆ ಸುಮಾರು ಮೂರು ವಾರ ಬೇಕು. ಒಂದೊಂದರಿಂದ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮರಿ. ಎಷ್ಟು ತೆಳು ಅಂದರೆ, ಮೈಯ ಉದ್ದಕ್ಕೂ ರಕ್ತನಾಳದ ಕೆಂಪು ಗೆರೆ ಕಾಣುತ್ತದೆ. ಆ ಗೆರೆಯಿಲ್ಲದ ಬಿಳಿ ಸಣ್ಣ ಹುಳುಗಳ ಹಿಂಡು ಕಂಡರೆ ಅದು ಬೇರೆ ಜಾತಿ. ಅಪಾಯವಿಲ್ಲ, ಆದರೆ ಡಬ್ಬ ಒದ್ದೆಯಾಗಿ ಹುಳಿಯಾಗಿದೆ ಅಂತ ಅರ್ಥ. ಮೊಟ್ಟೆ ಚಿಪ್ಪಿನ ಪುಡಿ ಹಾಕಿ.

ತಳದಲ್ಲಿ ಸೋರುವ ಕಪ್ಪು ನೀರನ್ನು ಗಿಡಕ್ಕೆ ಹಾಕಲೇ ಅಂತಲೂ ಕೇಳಿದ್ದೀರಿ. ಅದು ಅರೆಕೊಳೆತ ಕಸದ ರಸ. ವಾಸನೆ ಬರುವ ಡಬ್ಬದ್ದಂತೂ ಬೇಡ. ಹಸಿಯಾಗಿ ತಿನ್ನುವ ಸೊಪ್ಪಿಗೆ ಯಾವತ್ತೂ ಬೇಡ.

ಗೊಬ್ಬರಕ್ಕೆ ಮೂರು ನಾಲ್ಕು ತಿಂಗಳು ಕಾಯಬೇಕಾಗುತ್ತದೆ. ಒಳಗಿನದು ಕಪ್ಪಗಾಗಿ, ಉದುರುದುರಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ಹಾಳೆಯ ಮೇಲೆ ಗುಡ್ಡೆಗಳಾಗಿ ಸುರಿದು ಲೈಟ್ ಹಾಕಿ. ಹುಳುಗಳು ಒಳಗೆ ಸರಿಯುತ್ತಿದ್ದಂತೆ ಮೇಲಿನದನ್ನು ಬಾಚಿ ತೆಗೆಯುತ್ತಾ ಹೋಗಿ. ಕೊನೆಗೆ ತಳದಲ್ಲಿ ಹುಳುಗಳ ಮುದ್ದೆ ಉಳಿಯುತ್ತದೆ, ಅದನ್ನು ಹೊಸ ಕಾಗದದ ಹಾಸಿಗೆಗೆ ಬಿಡಿ. ಕುಂಡಕ್ಕೆ ಬರೀ ಎರೆಗೊಬ್ಬರ ತುಂಬಬೇಡಿ. ಐದು ಪಾಲು ಮಿಶ್ರಣದಲ್ಲಿ ಒಂದು ಪಾಲು ಇದಿದ್ದರೆ ಗಿಡಕ್ಕೆ ಸಾಕು.