ಗಾಳಿ ಹೋದರೆ ಬ್ರೇಕ್ ಹಿಡಿಯುತ್ತಾ, ಬಿಡುತ್ತಾ?

ಪ್ರಶ್ನೆ: ಸಾರ್, ನಮ್ಮದು ಆರು ಚಕ್ರದ ಲಾರಿ. ಸಕಲೇಶಪುರದಿಂದ ಮಂಗಳೂರಿಗೆ ಕಾಫಿ ಮೂಟೆ ಸಾಗಿಸುತ್ತೇವೆ. ಮೊನ್ನೆ ಶಿರಾಡಿ ಘಾಟಿ ಇಳಿಯುವಾಗ ಬಜರ್ ಕೂಗಿತು, ನೋಡಿದರೆ ಬ್ರೇಕಿನ ಗಾಳಿ ಗೇಜಿನ ಮುಳ್ಳು ಕೆಳಗೆ ಬಂದಿತ್ತು. ಹೇಗೋ ಬದಿಗೆ ಹಾಕಿ ಬಚಾವಾದೆವು. ನಮ್ಮ ಡ್ರೈವರ್ ‘ಗಾಳಿ ಹೋದರೆ ಬ್ರೇಕ್ ಹೋಯ್ತು ಅಂತಲೇ ಲೆಕ್ಕ’ ಅನ್ನುತ್ತಾರೆ. ಗ್ಯಾರೇಜಿನವರು ‘ಗಾಳಿ ಹೋದರೆ ಬ್ರೇಕ್ ತಾನಾಗೇ ಹಿಡಿಯುತ್ತೆ, ಹೆದರಬೇಡಿ’ ಅನ್ನುತ್ತಾರೆ. ಯಾರ ಮಾತು ನಂಬಲಿ?
– ಓದುಗರು, ಸಕಲೇಶಪುರ

ಉತ್ತರ: ಇಬ್ಬರದೂ ಅರ್ಧರ್ಧ ಸರಿ. ಅರ್ಧ ಸತ್ಯ ಇಟ್ಟುಕೊಂಡು ಶಿರಾಡಿ ಇಳಿಯೋಕೆ ಆಗಲ್ಲ ಅಲ್ವಾ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಲಾರಿಯಲ್ಲಿ ಗಾಳಿ ಎರಡು ಉಲ್ಟಾ ಕೆಲಸ ಮಾಡುತ್ತದೆ. ಪೆಡಲ್ ತುಳಿದಾಗ ಟ್ಯಾಂಕಿನ ಗಾಳಿ ಚಕ್ರದ ಹತ್ತಿರದ ಚೇಂಬರಿಗೆ ನುಗ್ಗಿ, ರಾಡ್ ತಳ್ಳಿ, ಲೈನರನ್ನು (ಉಜ್ಜಿ ನಿಲ್ಲಿಸುವ ಪಟ್ಟಿ) ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒತ್ತುತ್ತದೆ. ಇಲ್ಲಿ ಗಾಳಿ ಇಲ್ಲದಿದ್ದರೆ ಬ್ರೇಕ್ ಇಲ್ಲ. ಡ್ರೈವರ್ ಹೇಳಿದ್ದು ಇದನ್ನ. ಹ್ಯಾಂಡ್ ಬ್ರೇಕಿನ ಕಥೆ ಬೇರೆ. ಹಿಂದಿನ ಚೇಂಬರಿನೊಳಗೆ ಒಂದು ದಪ್ಪ ಸ್ಪ್ರಿಂಗ್ ಕೂತಿದೆ, ಅದನ್ನು ಅದುಮಿ ಹಿಡಿದಿರುವುದೇ ಗಾಳಿ. ನೀವು ಲಿವರ್ ಎಳೆದಾಗ ‘ಉಸ್ಸ್’ ಅಂತ ಗಾಳಿ ಹೊರಗೆ ಹೋಗಿ ಸ್ಪ್ರಿಂಗ್ ಬಿಚ್ಚಿಕೊಂಡು ಬ್ರೇಕ್ ಹಿಡಿಯುತ್ತದೆ. ಗ್ಯಾರೇಜಿನವರು ಹೇಳಿದ್ದು ಇದನ್ನ.

ಆದರೆ ಆ ಸ್ಪ್ರಿಂಗನ್ನು ನಂಬಿ ಕೂರಬೇಡಿ. ಸಾಮಾನ್ಯವಾಗಿ ಟ್ಯಾಂಕ್ ತುಂಬಿದಾಗ 7–8 ಬಾರ್ (ಗಾಳಿ ಒತ್ತಡದ ಅಳತೆ) ಇರುತ್ತದೆ, 4–5ರ ಆಸುಪಾಸಿಗೆ ಇಳಿದಾಗ ಬಜರ್ ಕೂಗುತ್ತದೆ. ಸ್ಪ್ರಿಂಗ್ ಪೂರ್ತಿ ಹಿಡಿಯೋದು ಅದಕ್ಕಿಂತಲೂ ಕೆಳಗೆ. ಅದೂ ನಿಮಗೆ ಬೇಕಾದ ಕಡೆ ಅಲ್ಲ, ಅದಕ್ಕೆ ಬೇಕಾದ ಕಡೆ. ಮಳೆಗಾಲದ ತಿರುವಿನಲ್ಲಿ ಹಿಂದಿನ ಚಕ್ರ ಮಾತ್ರ ಗಪ್ಪಂತ ಹಿಡಿದುಕೊಂಡರೆ ಏನಾಗುತ್ತೆ ಅಂತ ನಿಮ್ಮ ಡ್ರೈವರಿಗೆ ಗೊತ್ತಿರುತ್ತೆ. ಬಜರ್ ಕೂಗಿದ ತಕ್ಷಣ, ಇನ್ನೂ ಗಾಳಿ ಇರುವಾಗಲೇ ನಿಲ್ಲಿಸಿದ್ದೀರಲ್ಲ, ಅದೇ ಸರಿ.

ಇನ್ನೊಂದು ವಿಷಯ ಇಬ್ಬರೂ ಹೇಳಿಲ್ಲ. ಗೇಜಿನಲ್ಲಿ ಗಾಳಿ ಪೂರ್ತಿ ಇದ್ದೂ ಘಾಟಿಯಲ್ಲಿ ಬ್ರೇಕ್ ಹಿಡಿಯದೇ ಇರಬಹುದು. ಉದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟರೆ ಡ್ರಮ್ ಕಾದು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಕಮ್ಮಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಗ ಸ್ಪ್ರಿಂಗ್ ಕೂಡ ಕೈ ಹಿಡಿಯುವುದಿಲ್ಲ. ಅದು ಒತ್ತಬೇಕಾದ್ದೂ ಅದೇ ಕಾದ ಡ್ರಮ್ಮಿಗೇ ತಾನೆ?

ಅದಕ್ಕೇ ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬನ್ನಿ, ಎಕ್ಸಾಸ್ಟ್ ಬ್ರೇಕ್ (ಇಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವಂಥದ್ದು) ಹಾಕಿ. ಗಾಡಿ 40 ದಾಟಿತು ಅನ್ನಿಸಿದರೆ ಒಮ್ಮೆ ಗಟ್ಟಿಯಾಗಿ ತುಳಿದು 30ಕ್ಕೆ ತಂದು ಪೂರ್ತಿ ಬಿಟ್ಟುಬಿಡಿ. ಪಟಪಟ ಅಂತ ತುಳಿಯುತ್ತಾ ಇರಬೇಡಿ, ಪ್ರತಿ ಸಲ ಕಾಲು ತೆಗೆದಾಗಲೂ ಚೇಂಬರಿನ ಗಾಳಿ ಹೊರಗೆ ಹೋಗುತ್ತದೆ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ: ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದರಾ? ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ತಿರುಗೋದು ಇಂಜಿನ್ನಿನಿಂದ. ಇಂಜಿನ್ ನಿಧಾನವಾಗಿ ಓಡುತ್ತಿದ್ದು, ಮೇಲಿಂದ ಮೇಲೆ ಪೆಡಲ್ ತುಳಿದರೆ ಗಾಳಿ ತುಂಬುವುದಕ್ಕಿಂತ ಖಾಲಿಯಾಗುವುದೇ ಜಾಸ್ತಿ. ಈಗಿನ ಇಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಆಕ್ಸಲರೇಟರ್ ಬಿಟ್ಟರೆ ಡೀಸೆಲ್ ಕುಡಿಯೋದೇ ಇಲ್ಲ, ನ್ಯೂಟ್ರಲ್‌ನಲ್ಲೇ ಕುಡಿಯೋದು!

ನ್ಯೂಟ್ರಲ್ ಅಲ್ಲ ಅಂದರೆ ಎಲ್ಲೋ ಸೋರುತ್ತಿದೆ. ಸಮತಟ್ಟಾದ ಜಾಗದಲ್ಲಿ ಟೈರಿಗೆ ಕಲ್ಲು ಕೊಟ್ಟು, ಟ್ಯಾಂಕ್ ತುಂಬಿಸಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಪೆಡಲ್ ಒತ್ತಿ ಹಿಡಿದು, ಮುಳ್ಳು ಮೊದಲ ಸಲ ಇಳಿದು ನಿಂತ ಮೇಲೆ ಒಂದು ನಿಮಿಷ ನೋಡಿ. ಅಮೆರಿಕದಲ್ಲಿ ಲಾರಿ ಲೈಸೆನ್ಸ್ ಪರೀಕ್ಷೆಗೂ ಇದನ್ನು ಮಾಡಿಸುತ್ತಾರೆ, ಟ್ರೇಲರ್ ಇಲ್ಲದ ಗಾಡಿಯಲ್ಲಿ ನಿಮಿಷಕ್ಕೆ 3 ಪಿಎಸ್‌ಐ, ಅಂದರೆ ಸುಮಾರು 0.2 ಬಾರ್‌ಗಿಂತ ಜಾಸ್ತಿ ಇಳಿಯಬಾರದು. ಇಳಿದರೆ ಇನ್ನೊಬ್ಬರು ಸೋಪಿನ ನೀರು ಹಿಡಿದು ಪೈಪಿನ ಜಾಯಿಂಟುಗಳನ್ನು ನೋಡಲಿ, ಗುಳ್ಳೆ ಬಂದ ಕಡೆ ಸೋರಿಕೆ.

ಪ್ರಶ್ನೆ: ನಮ್ಮ ಬಸ್ಸಿಗೆ ಏರ್ ಡ್ರೈಯರ್ (ಬ್ರೇಕಿನ ಗಾಳಿಯ ತೇವ ತೆಗೆಯುವ ಸಾಧನ) ಇದೆ. ಆದರೂ ಗಾಳಿ ಟ್ಯಾಂಕಿನಲ್ಲಿ ಸೇರುವ ನೀರು ಹೊರಗೆ ಬಿಡಬೇಕಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಬಿಡಿ. ಅರ್ಧ ನಿಮಿಷದ ಕೆಲಸ. ಕೆಳಗಿನ ಡ್ರೈನ್ ವಾಲ್ವ್ ಎಳೆದಾಗ ಒಣ ಗಾಳಿ ಬಂದರೆ ಡ್ರೈಯರ್ ಚೆನ್ನಾಗಿದೆ. ನೀರು ಚಿಮ್ಮಿದರೆ ಡ್ರೈಯರಿನ ತೇವ ಹೀರುವ ಕಾರ್ಟ್ರಿಜ್ ಬದಲಿಸುವ ಕಾಲ ಬಂದಿದೆ, ನಿಮ್ಮ ಕಡೆ ಮಳೆಗಾಲದ ತೇವಕ್ಕೆ ಅದು ಬೇಗ ಸೋಲುತ್ತೆ. ಹಾಲು ಜಾಸ್ತಿಯಾದ ಕಾಫಿ ಥರ ಜಿಡ್ಡು ನೀರು ಬಂದರೆ ಕಂಪ್ರೆಸರ್ ಆಯಿಲ್ ಬಿಡುತ್ತಿದೆ, ಅದನ್ನ ಮೊದಲು ತೋರಿಸಿ.

ಪ್ರಶ್ನೆ: ಸ್ಪ್ರಿಂಗ್ ಇರುವ ಚೇಂಬರ್ ನಾವೇ ಬಿಚ್ಚಿ ರಿಪೇರಿ ಮಾಡಬಹುದಾ?
– ಓದುಗರು, ಅರಸೀಕೆರೆ

ಉತ್ತರ: ಬೇಡ. ಗಾಳಿ ಖಾಲಿಯಾದರೂ ಆ ಸ್ಪ್ರಿಂಗಿನ ಬಿಗಿ ಹೋಗಿರುವುದಿಲ್ಲ, ಕ್ಲಾಂಪ್ ಬಿಚ್ಚಿದರೆ ಎದೆಗೇ ಹಾರುತ್ತೆ. ಹಳೆಯದನ್ನು ತೆಗೆಸಿ ಹೊಸದು ಹಾಕಿಸಿ.