ಹತ್ತಿ ರೇಟ್ ಕೇಳಿದರೆ ಫೋನು ‘ಹತ್ತಿರ’ ಎನ್ನುವುದೇಕೆ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ, ಮಾನ್ವಿ ಹತ್ತಿರದ ಹಳ್ಳಿ. ಟೈಪ್ ಮಾಡೋಕೆ ಬೇಜಾರಾಗಿ ಫೋನಿನ ಮೈಕ್ ಒತ್ತಿ ‘ಹತ್ತಿ ರೇಟ್ ಎಷ್ಟೈತಿ’ ಎಂದೆ. ‘ಹತ್ತಿರ ಏಟು ಎಷ್ಟು ಐತಿ’ ಎಂದು ಬರೆಯಿತು! ನಮ್ಮ ಮಾತು ಅದಕ್ಕೆ ತಿಳಿಯುವುದಿಲ್ಲವೇ? ಒಂದೊಂದೇ ಪದ ಬಿಡಿಸಿ ಹೇಳಬೇಕೇ?

ಉತ್ತರ: ಫೋನಿಗೆ ಸದ್ದು ಸರಿಯಾಗಿಯೇ ಕೇಳಿಸಿದೆ. ಎಲ್ಲಿ ಕತ್ತರಿಸಬೇಕು ಎನ್ನುವುದು ತಿಳಿದಿಲ್ಲ. ಬರೆಯುವಾಗ ಪದಗಳ ನಡುವೆ ಜಾಗ ಬಿಡುತ್ತೇವೆ, ಮಾತಾಡುವಾಗ ಎಲ್ಲಿ ಬಿಡುತ್ತೇವೆ? ‘ಹತ್ತಿರೇಟೆಷ್ಟೈತಿ’ ಎಂದು ಒಂದೇ ಉಸಿರಿಗೆ ಬರುತ್ತದೆ. ತಮಾಷೆ ಎಂದರೆ, ಸದ್ದು ನಿಲ್ಲುವುದು ಪದದ ಒಳಗೇ. ‘ತ್ತಿ’ ಎನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿ ಗಾಳಿಯನ್ನು ತಡೆಯುತ್ತದೆ. ‘ಹತ್ತಿ’ಗೂ ‘ರೇಟ್’ಗೂ ನಡುವೆ ಅಷ್ಟು ಬಿಡುವೂ ಇಲ್ಲ.

ಹಾಗಾಗಿ ಯಂತ್ರ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ 10 ಮಿಲಿಸೆಕೆಂಡಿಗೊಮ್ಮೆ ಸದ್ದಿನ ಒಂದು ಚೂರು ತೆಗೆದು ನೋಡುತ್ತದೆ. ಆಮೇಲೆ ಯಾವ ಪದದ ಪಕ್ಕ ಯಾವ ಪದ ಜಾಸ್ತಿ ಬರುತ್ತದೆ ಎಂದು ತೂಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂನಲ್ಲಿ ಫ್ರೆಡ್ ಜೆಲಿನೆಕ್ ಅವರ ತಂಡ ಈ ದಾರಿಯನ್ನು ಗಟ್ಟಿ ಮಾಡಿತು. ‘ಹತ್ತಿರ’ ಎಲ್ಲ ಕಡೆ ಬರುವ ಪದ, ಅದೇ ಗೆದ್ದಿರಬೇಕು.

ನಮಗೂ ಇದು ಸುಲಭವೇನಲ್ಲ. ‘ಇನ್ನೂರು ಮುಟ್ಟಿಲ್ಲ’ ಎಂದು ಯಾರಾದರೂ ಫೋನಿನಲ್ಲಿ ಹೇಳಿದರು ಎನ್ನಿ. ಬಸ್ಸಿನಲ್ಲಿರುವ ಮಗ ಹೇಳಿದರೆ ಇನ್ನೂ ಊರು ಮುಟ್ಟಿಲ್ಲ. ಸಂತೆಗೆ ಹೋದವರು ಹೇಳಿದರೆ ಬೆಲೆ 200 ಮುಟ್ಟಿಲ್ಲ. ಸದ್ದು ಒಂದೇ. ಯಾರು, ಎಲ್ಲಿಂದ ಮಾತಾಡುತ್ತಿದ್ದಾರೆ ಎಂದು ನಮಗೆ ಗೊತ್ತಿರುವುದರಿಂದ ಅರ್ಥವಾಗುತ್ತದೆ. ಫೋನಿಗೆ ಅದೆಲ್ಲ ಎಲ್ಲಿ ಗೊತ್ತು?

ನಿಮ್ಮ ಕಡೆ ಇನ್ನೊಂದು ತೊಡಕಿದೆ. ಅತ್ತೆ ನಿಮ್ಮಲ್ಲಿ ‘ಅತ್ತಿ’. ಅವರಿಗೂ ಹತ್ತಿಗೂ ಇರುವ ವ್ಯತ್ಯಾಸ ‘ಹ’ಕಾರದ ಒಂದು ಉಸಿರು ಮಾತ್ರ! ಪುಸ್ತಕದ ಕನ್ನಡವನ್ನೇ ಜಾಸ್ತಿ ಕೇಳಿ ಕಲಿತ ಯಂತ್ರ ಇಲ್ಲಿ ಎಡವುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ‘ವಾಣಿ’ ಯೋಜನೆ ಜಿಲ್ಲೆವಾರು ಜನರ ಮಾತು ದಾಖಲಿಸುತ್ತಿರುವುದು ಇದಕ್ಕೇ.

ಬಿಡಿಸಿ ಹೇಳುವುದು ಬೇಡ. 1952ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಮಾಡಿದ, ಮಾತು ಗುರುತಿಸುವ ‘ಆಡ್ರಿ’ ಯಂತ್ರಕ್ಕೆ ಅಂಕಿಗಳನ್ನು ಬಿಟ್ಟು ಬಿಟ್ಟು ಹೇಳಬೇಕಿತ್ತು. ಈಗಿನವು ಓಡುವ ಮಾತನ್ನೇ ಕೇಳಿ ಕಲಿತಿವೆ, ತುಂಡು ಮಾಡಿದರೆ ಇನ್ನೂ ಗೊಂದಲ. ವಾಕ್ಯ ಉದ್ದ ಮಾಡಿ: ‘ರಾಯಚೂರು ಮಾರ್ಕೆಟ್‌ನಾಗ ಇವತ್ತು ಹತ್ತಿ ರೇಟ್ ಕ್ವಿಂಟಲ್‌ಗೆ ಎಷ್ಟೈತಿ’. ಮಾರ್ಕೆಟ್, ಕ್ವಿಂಟಲ್ ಎರಡೂ ಸೇರಿದರೆ ‘ಹತ್ತಿ’ಯ ಕಡೆಗೇ ತೂಕ ಬೀಳುವ ಸಾಧ್ಯತೆ ಹೆಚ್ಚು. ದಲಾಲರಿಗೆ ಬೆಲೆ ಬರೆದು ಕಳಿಸುವುದಿದ್ದರೆ ಮಾತ್ರ, ಅಂಕಿಯನ್ನು ಕೈಯಲ್ಲೇ ಒತ್ತಿ.