ಮರದ ಘಮದ ಪರ್ಫ್ಯೂಮ್ ಅರ್ಧ ಗಂಟೆಗೇ ಮಾಯವಾಗುತ್ತಿದೆಯೇ?

ಮರದ ಘಮದ ಪರ್ಫ್ಯೂಮ್ ಹಾಕಿದ ಅರ್ಧ ಗಂಟೆಗೇ ವಾಸನೆ ಬರುವುದಿಲ್ಲ, ಯಾಕೆ ಅಂತ ಕೇಳಿ ಬರೆದಿದ್ದೀರಿ. ಪರ್ಫ್ಯೂಮ್ ಹಾರಿಹೋಗಿಲ್ಲ, ನಿಮ್ಮ ಮೂಗು ಅದಕ್ಕೆ ಒಗ್ಗಿಹೋಗಿರುವ ಸಾಧ್ಯತೆಯೇ ಜಾಸ್ತಿ. ಅರ್ಧ ಗಂಟೆಗೆ ನಿಮಗೆ ಏನೂ ಗೊತ್ತಾಗುವುದಿಲ್ಲ, ಆದರೆ ಸಂಜೆ ಪಕ್ಕದಲ್ಲಿ ಕೂತವರು ಚೆನ್ನಾಗಿದೆ ಅಂದರು ಅಂತ ನೀವೇ ಬರೆದಿದ್ದೀರಲ್ಲ, ಸುಳಿವು ಅದೇ. ಶುರುವಿನ ನಿಂಬೆಯಂಥ ಚುರುಕು ಬೇಗ ಆರಿಹೋಗುತ್ತದೆ. ಗಂಧ, ಸೀಡರ್, ಲಾವಂಚ ನಿಧಾನ, ಚರ್ಮದ ಮೇಲೆ ಗಂಟೆಗಟ್ಟಲೆ ಉಳಿಯುತ್ತವೆ.

ಮೊದಲು ಕತ್ತಿಗೆ, ಎದೆಗೆ ಹಾಕುವುದನ್ನು ಬಿಡಿ. ಮೂಗಿನ ಕೆಳಗೇ ಇದ್ದರೆ ಇನ್ನೂ ಬೇಗ ಒಗ್ಗುತ್ತದೆ. ಮೊಣಕೈ ಒಳಭಾಗಕ್ಕೆ ಒಂದೊಂದು ಸಲ ಸಾಕು. ಚರ್ಮ ಒಣಗಿದ್ದರೆ ಮೊದಲು ವಾಸನೆಯಿಲ್ಲದ ಕ್ರೀಮ್ ಹಚ್ಚಿ. ಮೂರು ಗಂಟೆ ಬಿಟ್ಟು, ಹೊರಗೆ ಸ್ವಲ್ಪ ಗಾಳಿಗೆ ಓಡಾಡಿ ಬಂದು ಮೂಸಿ ನೋಡಿ. ಕಾಫಿ ಬೀಜ ಮೂಸುವ ಉಪಾಯವೆಲ್ಲ ಸುಮ್ನೆ, ಬರೀ ಗಾಳಿಯೇ ಸಾಕು. ಗೊತ್ತಾಗುತ್ತಿಲ್ಲ ಅಂತ ಮತ್ತೆ ಮತ್ತೆ ಮಾತ್ರ ಹೊಡೆದುಕೊಳ್ಳಬೇಡಿ, ಪಕ್ಕದವರಿಗೆ ತಲೆನೋವು!

ಇನ್ನೊಂದು ಕಾರಣವೂ ಇರಬಹುದು. ಈಗಿನ ಬಹಳಷ್ಟು ವುಡಿ, ಅಂದರೆ ಮರದ ಘಮದ, ಪರ್ಫ್ಯೂಮ್‌ಗಳಲ್ಲಿ ಐಸೋ ಇ ಸೂಪರ್ ಎಂಬ ಕೃತಕ ಪರಿಮಳ ಇರುತ್ತದೆ. 2006ರಲ್ಲಿ ಬಂದ ಮಾಲಿಕ್ಯೂಲ್ 01 ಎಂಬ ಪರ್ಫ್ಯೂಮ್‌ನಲ್ಲಂತೂ ಪರಿಮಳ ಅಂತ ಇರುವುದು ಅದೊಂದೇ. ಕೆಲವರ ಮೂಗಿಗೆ ಅದು ಸಿಗುವುದೇ ಇಲ್ಲ, ಕೆಲವರಿಗೆ ಬಂದು ಹೋಗಿ ಮಾಡುತ್ತದೆ. ನಿಮ್ಮದು ಇದೇನಾ ಅಂತ ನಾನು ಇಲ್ಲಿಂದ ಖಚಿತವಾಗಿ ಹೇಳಲಾರೆ. ರಾತ್ರಿ ಒಂದು ಬಟ್ಟೆಗೆ ಹಾಕಿ ಬೇರೆ ಕೋಣೆಯಲ್ಲಿಡಿ. ಬೆಳಗ್ಗೆ ಮನೆಯವರಿಗೆ ವಾಸನೆ ಬಂದು ನಿಮಗೆ ಬರದಿದ್ದರೆ ಬಹುಶಃ ಇದೇ. ಆಗ ಲಾವಂಚ ಅಥವಾ ಗಂಧದ ಎಣ್ಣೆ ಮುಖ್ಯವಾಗಿರುವ ಬೇರೊಂದರ ಸ್ಯಾಂಪಲ್ ತೆಗೆದುಕೊಂಡು ಇದೇ ರೀತಿ ಪರೀಕ್ಷಿಸಿ.